ಸುಲ್ತಾನಾಳ ಹಗ್ಗ

ಸಾಂತಾ ಮರಿಯಾ ಹಬ್ಬದ ಬೆಳಿಗ್ಗೆಯೇ ಮೇಕೆ ಹಿಡಿಯಲು ಬಂದನಲ್ಲ ಆ ವಿಸ್ತಿನ್, ಪುಣ್ಯಾತ್ಮನಿಗೆ ಬೇರೆ ದಿನವೇ ಸಿಗಲಿಲ್ಲ. ಈಗ ಯುದ್ಧದ ಬರದಲ್ಲಿ ಊರಿನ ಮೇಕೆಗಳನ್ನು ಕಡಿದು ಜನಕ್ಕೆ ಸಾರು ಹಂಚುವ ಸರ್ಕಾರಿ ಅಡುಗೆಮನೆಯ ಗುಮಾಸ್ತ. ಚಿಕ್ಕಂದಿನಲ್ಲಿ ಇದೇ ಇಸ್ಲಾ ಊರಿನ ಬೀದಿಯಲ್ಲಿ, ಹಾಲು ಮಾರುವ ಜುದಿತ್ತಾಳ ಮೇಕೆಗಳ ಹಾಲು ಕುಡಿದೇ ಬೆಳೆದವನು.

“ಕೊಟ್ಬಿಡು ದೊಡ್ಡಮ್ಮ. ದವಸ, ಎಣ್ಣೆ ಹೊತ್ತು ಹದಿನಾಲ್ಕು ಹಡಗು ಹೊರಟಿದ್ವಂತೆ, ಬಂದಿದ್ದು ನಾಲ್ಕು. ಎಣ್ಣೆ ಹಡಗು ಇನ್ನೂ ಬಂದಿಲ್ಲ, ಅದು ಮುಳುಗಿದ್ರೆ ವಿಮಾನ ಹಾರಲ್ಲ, ಗಿರಣಿ ತಿರುಗಲ್ಲ. ನಮ್ಮ ಮಾಲ್ಟಾ ದ್ವೀಪ ಶತ್ರುವಿನ ಮುಂದೆ ಕೈ ಎತ್ತಬೇಕಾಗುತ್ತೆ.”

“ನೀನು ಎತ್ತು. ನನ್ನ ಕೈಯಲ್ಲಿ ಮಗು ಇದೆ.”

ಕಂಕುಳಲ್ಲಿದ್ದದ್ದು ಹನ್ನೊಂದು ತಿಂಗಳ ಮೊಮ್ಮಗಳು ಚೆತ್ತಾ. ಏಪ್ರಿಲ್‌ನ ಬಾಂಬಿಗೆ ತಾಯಿ ಹೋದಳು. ಡಬ್ಬಿ ಹಾಲು ಮುಗಿದು ಎರಡು ತಿಂಗಳಾಯಿತು. ಉಳಿದಿದ್ದ ಒಂದೇ ಮೇಕೆ ಸುಲ್ತಾನಾಳ ಕೆಚ್ಚಲಲ್ಲಿ ದಿನಕ್ಕೆ ಇಳಿಯುವ ಎರಡು ಲೋಟದ ಮೇಲೆಯೇ ಮಗುವಿನ ಜೀವ ನಿಂತಿತ್ತು.

“ಆರ್ಡರ್ ಇದೆ ದೊಡ್ಡಮ್ಮ. ನಾನೇನು ಮಾಡ್ಲಿ?”

“ಎಳ್ಕೊಂಡು ಹೋಗು, ಬಂದ್ರೆ” ಎಂದು ಜುದಿತ್ತಾ ಹಗ್ಗವನ್ನು ಅವನ ಕೈಗೆ ಹಾಕಿ ಹಿಂದೆಯೇ ನಡೆದಳು. ಮೇಕೆಯ ಸ್ವಭಾವ ಅವಳಿಗೆ ಗೊತ್ತಿತ್ತು.

ಎಂಟು ವರ್ಷ ಮನೆಮನೆಯ ಬಾಗಿಲಲ್ಲಿ ನಿಂತು ಹಾಲು ಕರೆಸಿಕೊಂಡ ಮೇಕೆ ಅದು. ದಿನಾ ಹಾಲು ಕೊಡುತ್ತಿದ್ದ ಮೊದಲ ವರ್ತನೆ ಮನೆ ಬಂದದ್ದೇ ನಿಂತಿತು. ವಿಸ್ತಿನ್ ಎಳೆದ, ತಳ್ಳಿದ, ಬೈದ. ಕೆಚ್ಚಲಿಗೆ ಕೈ ಹಾಕದೆ ಅದು ಒಂದು ಹೆಜ್ಜೆಯೂ ಇಡಲಿಲ್ಲ. ಕೊನೆಗೆ ಅವನೇ ಕೂತು ಕರೆದಂತೆ ಮಾಡಬೇಕಾಯಿತು. ಮುಂದಿನ ಬಾಗಿಲಲ್ಲೂ ಅದೇ ಕಥೆ.

“ಹೀಗೇ ಹೋದ್ರೆ ನಾಳೆ ಮುಟ್ತೀಯ” ಎಂದಳು ಜುದಿತ್ತಾ.

ಇನ್ನೊಂದು ವರ್ತನೆಯ ಅಸ್ಸುಂತಾಳ ಮನೆ ಇದ್ದ ಜಾಗದಲ್ಲಿ ಬಾಂಬು ಬಿದ್ದು ಈಗ ಮೆಟ್ಟಿಲು ಮಾತ್ರ ಉಳಿದಿತ್ತು. ಸುಲ್ತಾನಾ ಅವನನ್ನೂ ಎಳೆದುಕೊಂಡು ಮೆಟ್ಟಿಲು ಹತ್ತಿತು. ಮೂರನೆಯ ಅಂತಸ್ತಿನಲ್ಲಿ, ಇಲ್ಲದ ಬಾಗಿಲ ಮುಂದೆ ನಿಂತು ಕೂಗಿತು. ಅಸ್ಸುಂತಾ ಸತ್ತದ್ದು ಅದಕ್ಕೆ ಯಾರು ಹೇಳಬೇಕು? ಜುದಿತ್ತಾ ಕೆಳಗೇ ನಿಂತಳು.

ಮೇಲಿದ್ದ ವಿಸ್ತಿನ್‌ಗೆ ಬಂದರು ಕಾಣುತ್ತಿತ್ತು. “ದೊಡ್ಡಮ್ಮ, ಬಾ ಇಲ್ಲಿ” ಎಂದ.

ಅವಳು ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಹತ್ತಿದಳು. ಎಣ್ಣೆ ಹಡಗು ಬರುತ್ತಿತ್ತು. ಅರ್ಧ ಮುಳುಗಿದ್ದ ಅದರ ಮೇಲಂಚಿನವರೆಗೂ ನೀರು ಬಂದಿತ್ತು. ಎಡಕ್ಕೊಂದು ಬಲಕ್ಕೊಂದು ಯುದ್ಧದ ಹಡಗುಗಳು ಅದನ್ನು ಪಕ್ಕಕ್ಕೆ ಕಟ್ಟಿಕೊಂಡು, ಕುಡಿದವನನ್ನು ಗೆಳೆಯರು ಮನೆಗೆ ತರುವಂತೆ ತರುತ್ತಿದ್ದವು. ಕೋಟೆಗೋಡೆಯ ಮೇಲೆಲ್ಲ ಜನ ಅಳುತ್ತ ಚಪ್ಪಾಳೆ ತಟ್ಟುತ್ತಿದ್ದರು. ವಿಸ್ತಿನ್ ಕೂಡ ಎರಡೂ ಕೈಯಲ್ಲಿ ತಟ್ಟಿದ.

ಹಗ್ಗ ನೆಲಕ್ಕೆ ಬಿತ್ತು. ಜುದಿತ್ತಾ ಅದರ ಮೇಲೆ ಕಾಲಿಟ್ಟಳು.

ಅವನು ಕಣ್ಣೊರೆಸಿಕೊಂಡು ನೋಡಿದ. “ಹಡಗು ಬಂದ್ರೂ ಆರ್ಡರ್ ಆರ್ಡರೇ ದೊಡ್ಡಮ್ಮ.”

“ಅದನ್ನ ಮುಳುಗಿಸೋಕೂ ಯಾರೋ ಆರ್ಡರ್ ಕೊಟ್ಟಿದ್ರು ಕಣೋ. ಬಗ್ಗು, ಧೈರ್ಯ ಇದ್ರೆ ತಗೋ.”

ವಿಸ್ತಿನ್ ಬಗ್ಗಲಿಲ್ಲ. ಜೇಬಿನಿಂದ ಕಾಗದ ತೆಗೆದು ‘ಮೇಕೆ ಸಿಗಲಿಲ್ಲ’ ಎಂದು ಬರೆದ.

ಜುದಿತ್ತಾ ಮಗುವನ್ನು ಅವನ ಕೈಗೆ ಕೊಟ್ಟು, ಇಲ್ಲದ ಆ ಬಾಗಿಲ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯತೊಡಗಿದಳು.