ಉಪ್ಪಿಲ್ಲದಿದ್ರೆ ಉಳಿಯಲ್ಲ

ಈ ಕತೆ ಅರ್ಥವಾಗಬೇಕಾದರೆ ಮೊದಲು ರೇಡಿಯೋನನ್ನು ತಿಳಿದುಕೊಳ್ಳಬೇಕು. ರೇಡಿಯೋ ಎಂದರೆ ಪೆಟ್ಟಿಗೆಯಲ್ಲ, ಮನುಷ್ಯ. ಬಣ್ಣದಕ್ಕನ ಶೆಡ್ಡಿನ ಎದುರಿಗೆ ಮೂರು ತಿಂಗಳ ಹಿಂದಷ್ಟೇ ಇಸ್ತ್ರಿ ಮೇಜು ಹಾಕಿಕೊಂಡವನು. ಮನೆಮನೆಗೆ ಬಟ್ಟೆ ತಲುಪಿಸುವಾಗ ಪ್ರತಿ ಗಂಟಿನ ಜೊತೆ ಒಂದು ಸುದ್ದಿಯನ್ನೂ ಮಡಿಸಿ ಕೊಡುತ್ತಿದ್ದ. ಬಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಸುಕ್ಕು ಉಳಿದರೂ ಉಳಿಯಬಹುದು, ಸುದ್ದಿ ಮಾತ್ರ ಗರಿಗರಿಯಾಗಿರುತ್ತಿತ್ತು.

ಆಗಿನ್ನೂ ರೋಗದ ಮೊದಲ ದಿನಗಳು. ರೋಗ ಊರಿಗೆ ಬಂದಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಭಯ ಮಾತ್ರ ಮುಂಚೆಯೇ ಬಂದು ಬೀದಿಯಲ್ಲಿ ಮನೆ ಹಿಡಿದಿತ್ತು. ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಸುತ್ತಲಿನ ನಾಲ್ಕು ಸೀಟು ಖಾಲಿ. ಬಾಗಿಲ ಚಿಲಕವನ್ನು ಜನ ಮೊಣಕೈಯಿಂದ ತೆಗೆಯಲು ಕಲಿಯುತ್ತಿದ್ದರು, ಕಲಿಯಲಾಗದವರು ಬಾಗಿಲನ್ನು ಒದೆಯುತ್ತಿದ್ದರು. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕೆಂದರೆ, ಎಲ್ಲರಿಗೂ ಒಳಗೊಳಗೇ ಒಂಥರಾ ಹುರುಪು. ಬೆಳಗಾದರೆ ಹೊಸ ಸುದ್ದಿ ಏನು ಅಂತ ಕಿಟಕಿಗೆ ಕಿಟಕಿ ಕೇಳುತ್ತಿತ್ತು.

ಬಣ್ಣದಕ್ಕನಿಗೆ ಐವತ್ತು ದಾಟಿತ್ತು. ಬಟ್ಟೆಗೆ ಬಣ್ಣ ಹಾಕಿಕೊಡುವುದು ಅವಳ ಕಸುಬು. ಅವಳ ಕೈ ಮೊಣಕೈವರೆಗೆ ಒಂದು ದಿನ ಕೆಂಪು, ಇನ್ನೊಂದು ದಿನ ಹಸಿರು. ಒಬ್ಬಳೇ ಮಗಳು ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಆ ದಿನಗಳಲ್ಲಿ ಬೀದಿಯವರ ಕಣ್ಣಿಗೆ ತಾಯಿಯೂ ಅರ್ಧ ಡಾಕ್ಟರಾಗಿಬಿಟ್ಟಿದ್ದಳು. ಅವಳ ಓದು ಐದನೇ ಕ್ಲಾಸಿಗೆ ನಿಂತಿತ್ತು ಎನ್ನುವುದು ಯಾರಿಗೂ ಬೇಕಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಕೈಗಾಡಿಯಲ್ಲಿ ಎರಡು ಮೂಟೆ ಉಪ್ಪು ತಳ್ಳಿಕೊಂಡು ಬರುತ್ತಿದ್ದಳು. ತಿಂಗಳಿಗೊಮ್ಮೆ ಬಾಗಿಲಿಗೇ ಉಪ್ಪು ತಂದು ಇಳಿಸುತ್ತಿದ್ದ ವ್ಯಾನು ಆ ಸಲ ಕೈಕೊಟ್ಟಿತ್ತು. ಶೆಡ್ಡಿನ ಮುಂದೆಯೇ ಗಾಡಿಯ ಚಕ್ರ ಚರಂಡಿಯ ಕಲ್ಲಿಗೆ ಸಿಕ್ಕಿಕೊಂಡಿತು. ಒಂದು ಮೂಟೆ ಜಾರುತ್ತಿದೆ, ಮಂಡಿ ನೋಯುತ್ತಿದೆ, ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿದೆ. ಅಂಥ ಹೊತ್ತಿಗೇ ರೇಡಿಯೋ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕೂಗಿದ.

"ಅಕ್ಕಾ, ರೋಗಕ್ಕೆ ಏನು ಮಾಡ್ಬೇಕಂತೆ? ಮಗಳು ಏನಾದ್ರೂ ಹೇಳಿದ್ಲಾ? ಅಲ್ಲ, ಇಷ್ಟೊಂದು ಉಪ್ಪು ಯಾಕೆ?"

ಬಣ್ಣದಕ್ಕನ ಕಿವಿಗೆ ಬಿದ್ದದ್ದು ಕೊನೆಯ ಪ್ರಶ್ನೆ ಮಾತ್ರ.

"ಉಪ್ಪಿಲ್ಲದಿದ್ರೆ ಉಳಿಯಲ್ಲ ಕಣಪ್ಪಾ!" ಅಂದವಳೇ ಗಾಡಿಯನ್ನು ಒಂದೇ ದಬ್ಬಿಗೆ ಒಳಗೆ ನುಗ್ಗಿಸಿದಳು.

ಅವಳು ಹೇಳಿದ್ದು ಬಣ್ಣದ ವಿಚಾರ. ಬಣ್ಣದ ನೀರಿಗೆ ಉಪ್ಪು ಹಾಕದಿದ್ದರೆ ಬಣ್ಣ ನೀರಲ್ಲೇ ಕುಳಿತಿರುತ್ತದೆ, ಬಟ್ಟೆಗೆ ಹತ್ತುವುದಿಲ್ಲ, ಹತ್ತಿದರೂ ಎರಡು ಒಗೆತಕ್ಕೆ ಬಿಟ್ಟುಹೋಗುತ್ತದೆ. ಆದರೆ ನಮ್ಮ ಭಾಷೆಯ ತಮಾಷೆ ನೋಡಿ. 'ಉಳಿಯಲ್ಲ' ಅಂದರೆ ಬಣ್ಣವೂ ಉಳಿಯಲ್ಲ, ನಾನೂ ಉಳಿಯಲ್ಲ, ನೀವೂ ಉಳಿಯಲ್ಲ. ಯಾರು ಅಂತ ಆ ಮಾತು ಬಾಯಿ ಬಿಡುವುದಿಲ್ಲ. ರೇಡಿಯೋ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಮೇಜಿನ ಮೇಲಿದ್ದ ಐದು ಗಂಟು ಬಟ್ಟೆಯನ್ನು ಹೆಗಲಿಗೇರಿಸಿದ. ಇಸ್ತ್ರಿಯಾಗದ ಒಂದು ಗಂಟೂ ಆ ಅವಸರದಲ್ಲಿ ಜೊತೆಗೆ ಹೋಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಬಣ್ಣದಕ್ಕ ಕಡಾಯಿಯಲ್ಲಿ ಕೋಲು ಆಡಿಸುತ್ತಿದ್ದಾಗ ನಾದಿನಿ ಫೋನು ಹಿಡಿದುಕೊಂಡು ಓಡಿಬಂದಳು. ಗಂಡ ತೀರಿಹೋದ ಮೇಲೆ ಮನೆಯಲ್ಲಿದ್ದದ್ದು ತಾಯಿ, ಮಗಳು ಮತ್ತು ಈ ನಾದಿನಿ. ಅವಳ ಕೈಯಿಂದ ಫೋನು ಇಳಿಯುತ್ತಿದ್ದದ್ದು ಸ್ನಾನದ ಹೊತ್ತಿನಲ್ಲಿ ಮಾತ್ರ.

"ಅತ್ತಿಗೇ! ಗೊತ್ತಾಯ್ತು! ರೋಗಕ್ಕೆ ಮದ್ದು ಗೊತ್ತಾಯ್ತು! ಯಾವುದೋ ದೇಶದ ಬಹಳ ದೊಡ್ಡ ಡಾಕ್ಟರಂತೆ. ಮೂವತ್ತು ವರ್ಷ ಇದೇ ಓದಿದಾರಂತೆ. ಕೇಳಿ, 'ಉಪ್ಪಿಲ್ಲದಿದ್ದರೆ ಉಳಿಯಲ್ಲ.' ಅಷ್ಟೇ ಬರೆದಿದಾರೆ. ನನಗೇ ಹನ್ನೊಂದು ಜನ ಕಳಿಸಿದಾರೆ!"

ಬಣ್ಣದಕ್ಕನ ಮೈ ಜುಮ್ಮೆಂದಿತು. ಆ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು, ದೊಡ್ಡವರ ಮಾತು ಹಾಗೇ ಅನ್ನಿಸುತ್ತದೆ ಅಂದುಕೊಂಡಳು.

"ಉಪ್ಪೇ? ಬರೀ ಉಪ್ಪು?"

"ಬರೀ ಉಪ್ಪು! ಹೊರಗೆ ಬಂದು ನೋಡಿ ಒಂದ್ಸಲ!"

ಹೊರಗೆ ಬೀದಿಗೆ ಬೀದಿಯೇ ಓಡುತ್ತಿತ್ತು. ಒಬ್ಬರು ಹೆಲ್ಮೆಟ್ಟಿನಲ್ಲಿ ಉಪ್ಪು ತುಂಬಿಕೊಂಡು ಬರುತ್ತಿದ್ದಾರೆ. ಬ್ಯಾಂಕಿನ ಮೇಡಮ್ಮು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ತಳ್ಳುಗಾಡಿಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಮಲಗಿಸಿಕೊಂಡು ಬಂದರು. ಮೂಲೆಯ ದಿನಸಿ ಅಂಗಡಿಯವನು ಅರ್ಧ ಷಟರ್ ಎಳೆದು, ಒಳಗಿಂದಲೇ "ಸಕ್ಕರೆ ಇದೆ, ಸಕ್ಕರೆ ತಗೊಳ್ಳಿ!" ಅಂತ ಗೋಗರೆಯುತ್ತಿದ್ದ. ಸಕ್ಕರೆಯನ್ನು ಕೇಳುವವರೇ ಇಲ್ಲ. ಎರಡು ಗಂಟೆಯೊಳಗೆ ಸುತ್ತಲಿನ ಅಂಗಡಿಗಳಲ್ಲಿ ಒಂದು ಹರಳು ಉಪ್ಪಿಲ್ಲ. ಸಿಗದವರು ಸಪ್ಪೆ ಮೋರೆ ಹಾಕಿಕೊಂಡು ಗೋಡೆಗೊರಗಿ ನಿಂತಿದ್ದರು.

ಬಣ್ಣದಕ್ಕನಿಗೆ ಒಮ್ಮೆಲೇ ನೆನಪಾಯಿತು. ಮನೆಯಲ್ಲಿ ಎರಡು ಮೂಟೆ ಇದೆ!

ಆ ಕ್ಷಣದ ಅವಳ ಸಂತೋಷವನ್ನು ಸುಮ್ಮನೆ ಹೇಳಿ ಮುಗಿಸುವ ಹಾಗಿಲ್ಲ. ಹುಟ್ಟಿದಾಗಿನಿಂದ ಅವಳಲ್ಲಿ ಇದ್ದದ್ದು, ಉಳಿದವರಲ್ಲಿ ಇಲ್ಲದ್ದು ಅಂತ ಏನೂ ಇರಲಿಲ್ಲ. ಈಗ ಇದೆ! ಶೆಡ್ಡಿನ ಬಾಗಿಲು ಅಗಲಕ್ಕೆ ತೆರೆದಳು. ಉದ್ದ ಹಿಡಿಯ ಸೌಟು ತಗೊಂಡಳು. "ಬನ್ನಿ, ಬನ್ನಿ! ದೂರ ದೂರ ನಿಂತ್ಕೊಳ್ಳಿ! ಪಾತ್ರೆ ಮುಂದೆ ಹಿಡೀರಿ!" ಅಂತ ಒಬ್ಬೊಬ್ಬರಿಗೆ ಎರಡೆರಡು ಸೌಟು ಉಪ್ಪು ಸುರಿದಳು. ರೇಡಿಯೋ ಎರಡು ಸಲ ಸಾಲಿಗೆ ಬಂದ. ಮುದುಕರೊಬ್ಬರು ಕೈಯೆತ್ತಿ ಹರಸಿದರು. ಮೂರೂವರೆ ಹೊತ್ತಿಗೆ ಮೂಟೆಗಳ ತಳದಲ್ಲಿ ಒಂದು ಹಿಡಿ ಉಳಿದಿತ್ತು, ಬಣ್ಣದಕ್ಕನ ಮುಖ ಅರಳಿತ್ತು.

ನಾಲ್ಕಕ್ಕೆ ಮಗಳ ಫೋನು ಬಂತು.

"ಅಮ್ಮಾ, ಗಮನ ಇಟ್ಟು ಕೇಳು. ಸೋಮವಾರ ಬೆಳಗ್ಗೆ ಇಲ್ಲಿ ಹೊಸ ವಾರ್ಡು ತೆರೀತಾರೆ, ಈ ರೋಗಕ್ಕೇ ಅಂತ. ಅಲ್ಲಿಗೆ ಹೋಗೋರನ್ನ ದೂರದಿಂದಲೇ ಗುರುತು ಹಿಡೀಬೇಕು, ಬೇರೆ ರೋಗಿಗಳ ಹತ್ರ ಅವರು ಸುಳೀಬಾರದು. ಅರವತ್ತು ಕೋಟು ಹೊಲಿಸಿದಾರೆ, ಎಲ್ಲಾ ಬಿಳಿ. ಸೋಮವಾರದೊಳಗೆ ಕಡುನೀಲಿ ಆಗ್ಬೇಕು. ಊರಲ್ಲಿ ಬೇರೆ ಯಾರೂ ಒಪ್ತಿಲ್ಲ. ನೀನೇ ಮಾಡ್ಬೇಕು."

"ಅರವತ್ತೇನು, ನೂರು ಕಳಿಸು," ಅಂದಳು ಬಣ್ಣದಕ್ಕ.

"ದಿನಾ ಕುದಿಯೋ ನೀರಲ್ಲಿ ಒಗೀತಾರಮ್ಮ. ಬಣ್ಣ ಬಿಟ್ರೆ ಬಿಳಿ ಕೋಟಿನವರ ಜೊತೆ ಬೆರೆತುಹೋಗ್ತೀವಿ. ಯಾರು ಯಾರನ್ನ ಮುಟ್ಟಿದ್ರೋ ಗೊತ್ತೇ ಆಗಲ್ಲ."

"ಹೋಗ್ತೀವಿ ಅಂದ್ರೆ? ನೀನೂನಾ?"

"ನಾನೂ ಅದೇ ವಾರ್ಡಿಗೆ ಹೆಸರು ಕೊಟ್ಟಿದೀನಿ."

ಬೇಡ ಅನ್ನಬೇಕೆಂದು ತಾಯಿ ಬಾಯಿ ತೆರೆದಳು, ಆಗಲಿಲ್ಲ. ಹೆಸರು ಕೊಟ್ಟಾಗಿದೆ ಅಂದಳಲ್ಲ, ಕೊಡಲಾ ಅಂತ ಕೇಳಲಿಲ್ಲವಲ್ಲ.

"ಅಮ್ಮಾ? ಬಣ್ಣ ಗಟ್ಟಿಯಾಗಿ ಉಳಿಯತ್ತೆ ತಾನೇ?"

ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿಯೇ ಹೊರಬಂತು. "ಅದೆಲ್ಲ ಉಪ್ಪಿನ ಮೇಲಿರತ್ತೆ. ಉಪ್ಪಿಲ್ಲದಿದ್ರೆ ಉಳಿಯಲ್ಲ..."

ಚರಂಡಿ ಕಲ್ಲು, ಕೈಗಾಡಿ, ರೇಡಿಯೋನ ಎತ್ತಿದ ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ತಿರುಗಿ ಖಾಲಿ ಮೂಟೆಗಳನ್ನು ನೋಡಿದಳು. ಅರವತ್ತು ಕೋಟಿಗೆ ಏನಿಲ್ಲವೆಂದರೂ ಒಂದು ಮೂಟೆ ಬೇಕು. ಇರುವುದು ಒಂದು ಹಿಡಿ.

"ಕಳಿಸು ಮಗಾ," ಅಂದಳು ಹೇಗೋ. ಫೋನು ಇಟ್ಟು ನೇರ ಬೀದಿಗೆ ಓಡಿದಳು.

"ಲೋ ರೇಡಿಯೋ! ನಾನು ಬೆಳಗ್ಗೆ ಹೇಳಿದ್ದು ಬಣ್ಣಕ್ಕೆ ಕಣೋ! ಬಣ್ಣ ಉಳಿಯಲ್ಲ ಅಂತ!"

ರೇಡಿಯೋ ತಲೆ ಕೆರೆದುಕೊಂಡ. "ಹೌದಾ? ಇರಲಿ ಬಿಡಿ ಅಕ್ಕ. ನೀವು ತಪ್ಪು ಹೇಳಿದ್ರೇನು, ಆ ದೊಡ್ಡ ಡಾಕ್ಟರೂ ಅದನ್ನೇ ಹೇಳಿದಾರಲ್ಲ."

"ಆ ದೊಡ್ಡ ಡಾಕ್ಟರು ನಾನೇ ಕಣೋ, ಮುಠ್ಠಾಳ!"

ಅವನು ಅನುಕಂಪದಿಂದ ನೋಡಿದ. ದಿನಸಿ ಅಂಗಡಿಯವನೂ ಹಾಗೇ ನೋಡಿದ. ಪಕ್ಕದ ಮನೆಯವಳು ಕಿಟಕಿಯಿಂದಲೇ, "ಪಾಪ, ದಣಿದಿದಾರೆ, ಮಲಗಿಕೊಳ್ಳಲಿ" ಅಂದಳು. ಬೆಳಗ್ಗೆ ಮೂರು ಪದ ಹೇಳಿ ಇಡೀ ಊರನ್ನು ಓಡಿಸಿದವಳಿಗೆ ಸಂಜೆ ಮುನ್ನೂರು ಪದ ಹೇಳಿದರೂ ಒಬ್ಬರನ್ನೂ ನಂಬಿಸಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಒಂದು ಉಪಾಯ ಇದೆ ಅತ್ತಿಗೆ," ಅಂದಳು ನಾದಿನಿ, ಹೆಬ್ಬೆರಳು ಫೋನಿನ ಮೇಲೆ ಆಡಿಸುತ್ತಾ. "ಉಪ್ಪು ಕೂಡಿಟ್ಟ ಮನೆಗೇ ರೋಗ ಬರತ್ತೆ ಅಂತ ಒಂದು ಬಿಟ್ಬಿಡ್ಲಾ? ಅರ್ಧ ಗಂಟೇಲಿ ಎಲ್ಲಾ ಹೊರಗೆ ತಂದು ಹಾಕ್ತಾರೆ."

ಬಣ್ಣದಕ್ಕನಿಗೆ ಆಸೆಯಾಯಿತು. ಇಲ್ಲ ಅಂದರೆ ಸುಳ್ಳಾದೀತು. ಆದರೆ ಒಂದು ಮಾತು ಓಡಿದ ರೀತಿಯನ್ನು ಅವಳು ಅವತ್ತೇ ಕಣ್ಣಾರೆ ನೋಡಿದ್ದಳು. "ಬೇಡ ಕಣೇ. ಹೆದರಿದವರು ನನ್ನ ಬಾಗಿಲಿಗೆ ತರಲ್ಲ, ಚರಂಡಿಗೆ ಸುರೀತಾರೆ. ನಾಳೆ ಅದು ಇನ್ನೇನಾಗಿ ತಿರುಗಿ ಬರತ್ತೋ. ಹೇಳಿದ್ರೆ ನಂಬಲ್ಲ ತಾನೇ? ತೋರಿಸ್ತೀನಿ."

ಶನಿವಾರ ಬೆಳಗ್ಗೆ ಕೋಟುಗಳ ಗಂಟು ಬಂದಿಳಿಯುವ ಮೊದಲೇ ಅವಳು ಎರಡು ಒಲೆಗಳನ್ನು ಬೀದಿ ಬದಿಗೆ ತಂದಿಟ್ಟಳು. ಎರಡು ಪಾತ್ರೆ, ಎರಡರಲ್ಲೂ ಅಳತೆ ತಪ್ಪದ ಹಾಗೆ ಅದೇ ನೀರು, ಅದೇ ನೀಲಿ. ಒಂದೇ ಬಿಳಿ ಬಟ್ಟೆಯನ್ನು ನಡುವೆ ಹರಿದು ಎರಡಕ್ಕೂ ಹಾಕಿದಳು. ಉಳಿದಿದ್ದ ಆ ಒಂದು ಹಿಡಿ ಉಪ್ಪನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಎಡಗಡೆಯ ಪಾತ್ರೆಗೆ ಸುರಿದಳು. ಆಮೇಲೆ ಎರಡಕ್ಕೂ ಸೋಡಾಪುಡಿ ಹಾಕಿ ಕೋಲು ಆಡಿಸುತ್ತಾ ನಿಂತಳು. ಇವಳಿಗೇನೋ ಆಗಿದೆ ಅಂತ ನೋಡಲು ಬಂದವರೇ ಹೆಚ್ಚು. ಕಿಟಕಿಗಳು ತುಂಬಿದವು, ಮಹಡಿಗಳು ತುಂಬಿದವು. ಒಂದೂವರೆ ಗಂಟೆ ಯಾರೂ ಕದಲಲಿಲ್ಲ. ಬೇರೆ ಕೆಲಸವಾದರೂ ಏನಿತ್ತು?

ಕೊನೆಗೆ ಎರಡು ತುಂಡನ್ನೂ ತೆಗೆದು, ಕುದಿಯುವ ಸೋಪಿನ ನೀರಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, ಎರಡು ಕೈಯಲ್ಲಿ ಮೇಲೆತ್ತಿದಳು. ಬಲಗೈಯಲ್ಲಿದ್ದದ್ದು ಮಾಸಲು ಬಿಳಿಯಾಗಿ ನೀಲಿ ನೀರು ಸುರಿಸುತ್ತಿತ್ತು. ಎಡಗೈಯಲ್ಲಿದ್ದದ್ದು ಕಡುನೀಲಿ. ಅದರಿಂದ ತೊಟ್ಟಿಕ್ಕಿದ್ದು ಬರೀ ನೀರು.

"ನೋಡಿ! ಉಪ್ಪು ಮಾಡೋ ಕೆಲಸ ಇಷ್ಟೇ. ಬಣ್ಣ ಉಳಿಸತ್ತೆ. ಇದನ್ನ ತೊಟ್ಕೊಂಡು ಅರವತ್ತು ಮಕ್ಕಳು ಸೋಮವಾರ ಆ ರೋಗದ ವಾರ್ಡಿಗೆ ಹೋಗ್ತಾರೆ. ನನ್ನ ಮಗಳೂ ಹೋಗ್ತಾಳೆ. ನಿಮ್ಮಲ್ಲಿ ಯಾರಿಗೇ ಕಾಯಿಲೆ ಬಂದ್ರೂ ನೋಡ್ಕೊಳ್ಳೋರು ಅವರೇ." ಎತ್ತಿದ ಎರಡು ಕೈಯನ್ನೂ ಅವಳು ಇಳಿಸಲಿಲ್ಲ. "ಅವಳಿಗೆ ಯಾವುದು ತೊಡಿಸ್ಲಿ? ನೀವೇ ಹೇಳಿ."

ಮೊದಲು ಅಲುಗಾಡಿದವನು ರೇಡಿಯೋ. ಮೇಜಿನ ಕೆಳಗಿಂದ ಇದ್ದಿಲಿನ ಚೀಲ ಎಳೆದ. ಅದರ ತುಂಬ ಇದ್ದದ್ದು ಇದ್ದಿಲಲ್ಲ. "ಏಳು ಕಿಲೋ ಇದೆ ಅಕ್ಕಾ," ಅಂದ, ತಲೆ ತಗ್ಗಿಸಿ. ಚೀಲವನ್ನು ಅವಳ ಹೊಸ್ತಿಲಲ್ಲಿಟ್ಟು ಬೀದಿಯ ಕಡೆ ತಿರುಗಿದ. ಆಮೇಲೆ ಎದೆ ಸೀಳುವ ಹಾಗೆ ಕೂಗಿದ, ಅವನ ಹೆಸರು ಸಾರ್ಥಕವಾಗುವಂತೆ. "ಉಪ್ಪು ತನ್ನಿ! ನಮ್ಮ ನರ್ಸಮ್ಮನ ಕೋಟಿಗೆ ಉಪ್ಪು ತನ್ನೀ!"

ಬಂತು ನೋಡಿ! ಡಬ್ಬಿಯಲ್ಲಿ ಬಂತು, ಹೆಲ್ಮೆಟ್ಟಿನಲ್ಲಿ ಬಂತು, ಮಗುವಿನ ತಳ್ಳುಗಾಡಿಯಲ್ಲಿ ಬಂತು. ಮಹಡಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳಲ್ಲಿ ಇಳಿಯಿತು. ಮೂಟೆ ಬಚ್ಚಿಟ್ಟವರೊಬ್ಬರು ಒಂದು ಚಮಚ ತಂದರು, ಅವರನ್ನು ಹೆಸರಿಸದಿರುವುದೇ ಲೇಸು. ನಿನ್ನೆ ಹರಸಿದ ಮುದುಕರು ಒಂದು ಲೋಟ ಹಿಡಿದು ಬಂದು, "ಬಾಯಿ ಮುಕ್ಕಳಿಸಿದ್ದು ಬಿಟ್ಟು ಉಳಿದದ್ದೆಲ್ಲ ಇಲ್ಲಿದೆಯಮ್ಮ" ಅಂದರು. ಅವಸರದಲ್ಲಿ ಯಾರೋ ಸಕ್ಕರೆಯನ್ನೂ ತಂದಿದ್ದರು. ಬಣ್ಣದಕ್ಕ ಒಂದೊಂದನ್ನೂ ನಾಲಿಗೆಗೆ ಮುಟ್ಟಿಸಿ ನೋಡುತ್ತಾ, ನಡುನಡುವೆ ಅಳುತ್ತಾ, ನಗುತ್ತಾ ಕಡಾಯಿಗೆ ಸುರಿದಳು.

ಭಾನುವಾರ ಸಂಜೆಗೆ ಮಹಡಿಯ ಹಗ್ಗದ ಮೇಲೆ ಅರವತ್ತು ಕಡುನೀಲಿ ಕೋಟು ಗಾಳಿಗೆ ತೋಳು ಬೀಸುತ್ತಿದ್ದವು. ನಾದಿನಿ ಫೋನು ತಂದು ತೋರಿಸಿದಳು: 'ಉಪ್ಪು ಕೊಟ್ಟವರ ಮನೆಗೆ ರೋಗ ಬರಲ್ಲ. ಹೇಳಿದವರು ಬಹಳ ದೊಡ್ಡ ಡಾಕ್ಟರ್.'

"ಈ ಸಲ ನಾನಲ್ಲ ಕಣೇ, ದೇವರಾಣೆಗೂ ನಾನಲ್ಲ!" ಅಂದಳು ಬಣ್ಣದಕ್ಕ.

ಆಮೇಲಿನ ಇಪ್ಪತ್ತು ದಿನ ಮಗಳು ಮನೆಗೆ ಬರಲಿಲ್ಲ. ಫೋನಿನಲ್ಲಿ "ಚೆನ್ನಾಗಿದೀನಿ" ಅನ್ನುವಷ್ಟೇ ಪುರುಸೊತ್ತು. ಆಸ್ಪತ್ರೆಯ ಬಗ್ಗೆ ಬೀದಿಗೆ ದಿನಕ್ಕೊಂದು ಸುದ್ದಿ ಬರುತ್ತಿತ್ತು. ಮೂರು ಜನ ನರ್ಸುಗಳು ಹೋಗಿಬಿಟ್ಟರಂತೆ ಅಂತ ಒಂದು ದಿನ, ಐದು ಜನರಂತೆ ಅಂತ ಮರುದಿನ. ಬಣ್ಣದಕ್ಕ ಕಿವಿ ಮುಚ್ಚಿಕೊಂಡು ಕಡಾಯಿಯ ಮುಂದೆ ನಿಲ್ಲುತ್ತಿದ್ದಳು. ರೇಡಿಯೋ ಅವಳ ಎದುರಿಗೆ ಬಾಯಿ ಬಿಡುತ್ತಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸುತ್ತಿತ್ತು.

ಇಪ್ಪತ್ತೊಂದನೆಯ ದಿನ ಇನ್ನೂ ನಲವತ್ತು ಕೋಟು ತಯಾರಾದವು. ಆಸ್ಪತ್ರೆಯ ಗೇಟಿನವರೆಗೆ ಅವಳೇ ಹೊರಟಳು, ಕೈಗಾಡಿ ತಳ್ಳಲು ರೇಡಿಯೋ ಜೊತೆಗೆ ಬಂದ. ಗೇಟಿನಿಂದ ಒಳಗೆ ಬಿಡುವುದಿಲ್ಲ. ಅವಳು ಕಂಬಿ ಹಿಡಿದು ಎದುರಿನ ಕಟ್ಟಡದ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ಎರಡನೇ ಮಹಡಿಯಲ್ಲಿ ಒಂದು ಕಿಟಕಿ ತೆರೆಯಿತು. ಕಡುನೀಲಿ ಕೋಟು, ಮುಖಕ್ಕೆ ಪಟ್ಟಿ, ಕಣ್ಣಷ್ಟೇ ಕಾಣುತ್ತಿದೆ. ಕೈ ಬೀಸಿದ ರೀತಿಯಲ್ಲೇ ಗೊತ್ತಾಯಿತು.

ಕೇಳಬೇಕೆಂದು ಇಪ್ಪತ್ತು ದಿನದಿಂದ ಎಷ್ಟೋ ಮಾತು ಕೂಡಿಟ್ಟಿದ್ದಳು. ಬಾಯಿಗೆ ಬಂದದ್ದು ಕಸುಬಿನ ಮಾತೊಂದೇ. ಕೋಟಿನ ಕಡೆ ಕೈ ಮಾಡಿ, ಇದ್ದ ಉಸಿರೆಲ್ಲ ಹಾಕಿ ಕೂಗಿದಳು.

"ಉಳೀತಾ?"

ಮಗಳು ಪಟ್ಟಿ ಕೆಳಗೆ ಎಳೆದಳು. ಕೆನ್ನೆಯ ಮೇಲೆ ಪಟ್ಟಿಯ ಗೆರೆ ಕೆಂಪಗೆ ಮೂಡಿತ್ತು. ನಗುತ್ತಿದ್ದಳು.

"ಉಳಿದಿದೀನಮ್ಮಾ!"

ಗಾಡಿ ಹಿಡಿದು ನಿಂತಿದ್ದ ರೇಡಿಯೋ ಅದನ್ನು ಕೇಳಿಸಿಕೊಂಡ. ಬೀದಿಗೆ ಮರಳಿದವನೇ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಹೋಗಿ, ಅದೊಂದೇ ಮಾತನ್ನು, ಅವಳು ಅಂದ ಹಾಗೆಯೇ, ಉಪ್ಪು ಖಾರ ಹಚ್ಚದೆ ಹೇಳಿ ಬಂದ.