ಮುಖದ ಉತಾರ

ನನಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿದೆ. ಹೊಸ ಮೊಬೈಲ್ ಬಂದರೆ ಅಭಿಪ್ರಾಯ, ಹೊಸ ಕಾನೂನು ಬಂದರೆ ಅಭಿಪ್ರಾಯ, ಕಂಪ್ಯೂಟರು ಕವಿತೆ ಬರೆಯಿತಂತೆ ಎಂದರೆ ಅದಕ್ಕೂ ಒಂದು. ಬ್ಯಾಡಗಿಯ ಮಾರುಕಟ್ಟೆ ರಸ್ತೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಹಾವೇರಿಯ ಒಂದು ವಾರಪತ್ರಿಕೆಗೆ ಮೊಬೈಲು, ಇಂಟರ್‌ನೆಟ್ಟು, ಅವುಗಳ ಕಾಯ್ದೆ ಕಾನೂನು ಇವುಗಳ ಮೇಲೆ ಅಂಕಣ ಬರೆಯುತ್ತೇನೆ. 'ಊರ ಮಂದಿಗೆಲ್ಲಾ ಪಾಸ್‌ವರ್ಡ್ ಬದಲಿ ಮಾಡ್ರಿ ಅಂತ ಬುದ್ಧಿ ಹೇಳ್ತೀರಿ, ನಿಮ್ಮ ಪಾಸ್‌ವರ್ಡ್ ಇನ್ನೂ ನಿಮ್ಮ ಹೆಸರ ಐತಿ' ಎಂದು ಹೆಂಡತಿ ನೀಲಾ ಅಣಕಿಸುತ್ತಾಳೆ. ಶಂಭುಲಿಂಗ ಎಂಬ ಹೆಸರು ಅಷ್ಟು ಸುಲಭಕ್ಕೆ ಯಾರಿಗೂ ಹೊಳೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಿಂದ ಮೊಬೈಲಿಗೆ ಊರೂರು ಸುತ್ತಿದ ಆ ಸ್ಟಿಕರ್ ಮಾಡಿದವನು ನಾನೇ.

ಹೋದ ವರ್ಷ ಜನವರಿಯಲ್ಲಿ, ಮೆಣಸಿನಕಾಯಿ ಟೆಂಡರ್ ಕಂಪ್ಯೂಟರಿನಲ್ಲಿ ನಡೆಯುವುದರ ಬಗ್ಗೆ ಅಂಕಣ ಬರೆಯಲು ಮಾರುಕಟ್ಟೆ ಅಂಗಳಕ್ಕೆ ಹೋಗಿದ್ದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವ ಜಾಣರಿದ್ದಾರಲ್ಲ, ಅವರು ಸುಗ್ಗಿಯಲ್ಲಿ ಬಂದು ಆ ಅಂಗಳದಲ್ಲಿ ಅರ್ಧ ಗಂಟೆ ನಿಂತು ಆಮೇಲೆ ಮಾತಾಡಲಿ. ದರವನ್ನು ಯಂತ್ರ ಹೇಳಿದರೂ ಸೀನನ್ನು ಮಾತ್ರ ಇನ್ನೂ ಮನುಷ್ಯರೇ ಸೀನಬೇಕು ಎಂದು ಬರೆದೆ. ಸಂಪಾದಕರು ನಕ್ಕರು. ಜೊತೆಗೆ ಹಾಕಲೆಂದು ಒಂದು ಫೋಟೊ ತೆಗೆದಿದ್ದೆ, ಕೊನೆಗೆ ಕಳುಹಿಸಿರಲಿಲ್ಲ. ಕೆಂಪು ರಾಶಿಯ ಪಕ್ಕ ಕುಳಿತು ಕಾಯಿಯ ತೊಟ್ಟು ಕೀಳುತ್ತಿದ್ದ ಒಬ್ಬ ಹೆಂಗಸು. ಕಣ್ಣು ಮೂಗಲ್ಲೆಲ್ಲ ನೀರು, ಬಾಯಿ ಒಂದು ಕಡೆಗೆ ಸೊಟ್ಟ, ಹುಬ್ಬು ಹಣೆಯ ಮೇಲೆ. ಅದೇ ವಾರ ಒಂದು ಮಧ್ಯಾಹ್ನ ನೆಟ್ ಹೋಗಿತ್ತು. ಕೆಲಸವಿಲ್ಲದೆ ಕುಳಿತವನು ಆ ಮುಖವನ್ನಷ್ಟೇ ಕತ್ತರಿಸಿ, ಕೆಳಗೆ 'ನೆಟ್ ಹೋತಲ್ಲವ್ವೋ!' ಎಂದು ಬರೆದು ಸ್ಟಿಕರ್ ಮಾಡಿದೆ. ನೆಟ್ ಬಂದ ಮೇಲೆ ಒಂಬತ್ತು ಜನ ಗೆಳೆಯರ ಗುಂಪಿಗೆ ಹಾಕಿದೆ.

ಒಂಬತ್ತೇ ಜನ. ಹದಿನೈದು ದಿನಕ್ಕೆ ಅದು ರಾಣೆಬೆನ್ನೂರಿನ ನನ್ನ ಭಾವಮೈದುನನಿಂದ ನನಗೇ ವಾಪಸ್ ಬಂತು. ಮ್ಯಾಚ್ ಸೋತರೆ ಅದು, ಸಿಲಿಂಡರ್ ತುಟ್ಟಿಯಾದರೆ ಅದು, ಸಾರಿಗೆ ಉಪ್ಪು ಜಾಸ್ತಿಯಾದರೂ ಅದೇ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿದೆ. ನನ್ನ ಅಂಕಣ ಒಂದೂ ತಾಲೂಕಿನ ಗಡಿ ದಾಟಿರಲಿಲ್ಲ.

ಈ ವರ್ಷ ಒಂದು ಮಂಗಳವಾರ ಆ ಹೆಂಗಸು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಗುರುತು ಸಿಗಲು ಒಂದು ನಿಮಿಷ ಬೇಕಾಯಿತು. ಸೊಟ್ಟ ಬಾಯಿಯಿಲ್ಲದ, ನೀರಿಲ್ಲದ ಆ ಮುಖವನ್ನು ನಾನು ನೋಡೇ ಇರಲಿಲ್ಲ.

"ನಾ ಗದಿಗೆವ್ವ ಅಂತರೀ. ನಮ್ಮ ತಮ್ಮನ ಮಗಳು ಸುಧಾರಾಣಿ ನಿಮ್ಮ ಪೇಪರ್ ಓದಿ ಹೇಳಿದ್ಲು. ನಿಮ್ಮ ಮುಖ ನಿಮ್ಮ ಆಸ್ತಿ ಅಂತ ಬರದೀರಂತ, ಖರೇನ್ರಿ?"

ಬರೆದಿದ್ದೆ. ಹೊಸ ದತ್ತಾಂಶ ಕಾನೂನಿನ ಬಗ್ಗೆ. 'ನಿಮ್ಮ ಹೊಲದ ಪಹಣಿ ಉತಾರ ನಿಮ್ಮ ಹೆಸರಲ್ಲಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ತೆಗೆಸಿ ನೋಡುತ್ತೀರಿ. ನಿಮ್ಮ ಮುಖದ ಉತಾರ ಯಾರ ಹೆಸರಲ್ಲಿದೆ ಎಂದು ನೋಡಿದ್ದೀರಾ?' ಎಂದು. ಆ ಸಾಲಿಗೆ ನಾನೇ ಎರಡು ದಿನ ಬೆನ್ನು ತಟ್ಟಿಕೊಂಡಿದ್ದೆ.

"ಹಂಗಾರ ನನ್ನ ಮುಖ ನನಗ ಕೊಡಸ್ರಿ," ಎಂದಳು ಗದಿಗೆವ್ವ.

ಕುರ್ಚಿ ಸರಿಸಿ ಕೂರಿಸಿದೆ. ಆಕೆ ನಿಧಾನವಾಗಿ ಹೇಳಿದಳು. ಮೇಡ್ಲೇರಿಯಲ್ಲಿ ಆಕೆಯ ಅಕ್ಕ ದೇವವ್ವ ತೀರಿಕೊಂಡು ಒಂದು ತಿಂಗಳಾಗಿತ್ತು. ಸುದ್ದಿ ಕೇಳಿ ಓಡಿದ್ದಾಳೆ. ಹೆಣದ ಮುಂದೆ ಕೂತು, ನಮ್ಮ ಕಡೆಯ ಹೆಂಗಸರಂತೆ ಹಾಡ್ಯಾಡಿ ಅಳಬೇಕೆಂದು ಬಾಯಿ ತೆರೆದಿದ್ದಾಳೆ. ಎದುರಿಗಿದ್ದ ಹುಡುಗರು ಆಕೆಯ ಮುಖ ನೋಡಿ ಕಿಸಕ್ಕನೆ ನಕ್ಕಿದ್ದಾರೆ.

"ಸಣ್ಣ ಹುಡುಗ್ರು, ಅವಕ್ಕೇನು ತಿಳೀತೈತಿ ಬಿಡ್ರಿ. ದೊಡ್ಡವ್ರೂ ಟವೆಲ್ ಬಾಯಿಗೆ ಹಿಡಕೊಂಡು ಅತ್ಲಾಗ ತಿರುಗಿದ್ರು. ಯಾರೋ ಒಬ್ಬಾವ ಮೊಬೈಲ್ ಎತ್ತಿ ಹಿಡದ. ನಾ ಬಾಯಿ ಮುಚಗೊಂಡೆ. ಅವತ್ತು ಮುಚ್ಚಿದ್ದು ಇವತ್ತಿನ ತನಕಾ ಬಾಯಿ ಬಿಟ್ಟು ಅತ್ತಿಲ್ರಿ. ನನ್ನ ಹಡದವ್ವ ಸತ್ತ ಮ್ಯಾಲೆ ನನ್ನ ಜ್ವಾಪಾನ ಮಾಡಿದಾಕಿ ಆಕಿ. ಆಕಿ ಹೋದ ಮ್ಯಾಲೆ ಒಂದು ಹನಿ ಕಣ್ಣೀರ ಹಾಕಿಲ್ಲ ನಾನು." ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. "ಇಲ್ಲೇ ಕುಂತೈತಿ. ಮೊಬೈಲಿನ್ಯಾಗಿನ ಆ ಚಿತ್ರ ತಗಸಿಬಿಟ್ರ ನಾ ಒಂದ್ಸಲ ಅತ್ತು ಹಗುರಾಕ್ಕೇನಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬದಲಿಗೆ ಆಕೆಗೆ ಕಾನೂನು ಹೇಳಿದೆ! ಒಪ್ಪಿಗೆ ಎಂದರೇನು, ಅಳಿಸುವ ಹಕ್ಕು ಎಂದರೇನು, ಕುಂದುಕೊರತೆ ಅಧಿಕಾರಿ ಎಂಬುವವರು ಎಷ್ಟು ದಿನದಲ್ಲಿ ಉತ್ತರಿಸಬೇಕು, ಎಲ್ಲ. ಆಕೆ ತಲೆದೂಗುತ್ತ ಕೇಳಿದಳು. ನನ್ನಂಥ ಭಂಡ ಇನ್ನೊಬ್ಬನಿಲ್ಲ.

ಸ್ಟಿಕರನ್ನು ಹಾಕಿಕೊಂಡಿದ್ದ ಒಂದು ವೆಬ್‌ಸೈಟ್ ಹುಡುಕಿ ದೂರು ಬರೆದೆ. ಮೂರನೇ ದಿನ ಉತ್ತರ ಬಂತು: ಚಿತ್ರದಲ್ಲಿರುವವರು ನೀವೇ ಎಂದು ತಿಳಿಯಲು ಮುಖದ ಸ್ಪಷ್ಟ ಫೋಟೊ ಕಳುಹಿಸಿ. ಗದಿಗೆವ್ವನನ್ನು ಕರೆಸಿದೆ. ಆಕೆ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ನೆಟ್ಟಗೆ ಕೂತಳು. ಫೋಟೊ ಕಳುಹಿಸಿದೆ. ಎರಡು ಮುಖಗಳೂ ಒಬ್ಬರದೇ ಎಂದು ಖಚಿತವಾಗುತ್ತಿಲ್ಲ, ದಯವಿಟ್ಟು ಆ ಚಿತ್ರವನ್ನು ಹೋಲುವ ಫೋಟೊ ಕಳುಹಿಸಿ ಎಂದು ಮತ್ತೆ ಉತ್ತರ.

ಓದಿ ಹೇಳಿದೆ. ಗದಿಗೆವ್ವ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಅಂದ್ರ, ನಾ ಅತ್ತು ತೋರಸ್ಬೇಕೇನ್ರಿ ಅವ್ರಿಗೆ?"

"ಹಂಗೇ ಅಂದಂಗಾತು ನೋಡವ್ವಾ."

"ಅಳಾಕ ಬರವಲ್ದು ಅಂತ ಅಲ್ಲೇನ್ರಿ ನಾ ಅವ್ರ ಕಡೆ ಹೋಗಿದ್ದು?"

ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅಂಕಣ ಬರೆದೆ. ಹೆಸರು ಹೇಳದೆ, ಒಬ್ಬ ಹೆಣ್ಣುಮಗಳ ಅಳು ಕದಿಯಬೇಡಿರೋ ಪುಣ್ಯಾತ್ಮರೇ, ಆ ಸ್ಟಿಕರನ್ನು ನಿಮ್ಮ ನಿಮ್ಮ ಫೋನಿನಿಂದ ಇವತ್ತೇ ಅಳಿಸಿ ಎಂದು ಬೇಡಿಕೊಂಡೆ. ಯಾರು ಮಾಡಿದ್ದು ಎಂಬುದನ್ನು ಮಾತ್ರ 'ಯಾವನೋ ಕಿಡಿಗೇಡಿ' ಎಂದು ದಾಟಿಸಿದೆ. ಸಂಪಾದಕರು ಇದು ನಿಮ್ಮ ಈವರೆಗಿನ ಅತ್ಯುತ್ತಮ ಬರಹ ಎಂದರು. ಓದಿದವರೆಲ್ಲ ನನಗೆ ಮೆಚ್ಚುಗೆ ಕಳುಹಿಸಿದರು. ಹೇಗೆ ಕಳುಹಿಸಿದರು? ಅದೇ ಸ್ಟಿಕರ್ ಹಾಕಿ. ಆ ಸ್ಟಿಕರ್ ಇಲ್ಲದವರು ಇದ್ದವರನ್ನು ಕೇಳಿ ತರಿಸಿಕೊಂಡರು. ಎರಡು ದಿನದೊಳಗೆ ಯಾರೋ ಮಹಾಶಯ ಅದರ ಕೆಳಗೆ 'ನನ್ನ ಅಳಸ್ರೆಪ್ಪೋ!' ಎಂದು ಹೊಸದಾಗಿ ಬರೆದು ಬಿಟ್ಟ. ಅದು ದಾವಣಗೆರೆಗೂ ಹೋಯಿತಂತೆ. ಇಂಟರ್‌ನೆಟ್ಟಿನ ಮಂದಿಗೆ ಬೇಡ ಎಂದರೆ ಸಾಕು, ಅದನ್ನೇ ಮಾಡುತ್ತಾರೆ ಎಂದು ನಾನೇ ನಾಲ್ಕು ಸಲ ಬರೆದವನು. ಬರೆದದ್ದರ ಅರ್ಥ ನನಗೇ ತಿಳಿದಿರಲಿಲ್ಲ.

ಶುಕ್ರವಾರ ಗದಿಗೆವ್ವ ಮತ್ತೆ ಬಂದಳು. ಬೈಯಲು ಬಂದಿದ್ದಾಳೆಂದುಕೊಂಡೆ. ಸೆರಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳ್ಳೆ ಬಣ್ಣದ ಕಾಯಿ, ಒಂದೊಂದೂ ಆರಿಸಿದ್ದು.

"ಆಗಲಿಲ್ಲ ಅಂದ್ರ ಆಗಲಿಲ್ಲ, ಹೋಗ್ಲಿ ಬಿಡ್ರಿ ಅಣ್ಣಾರ. ನನಗೋಸ್ಕರ ಅಷ್ಟು ಬರದ್ರಲ್ಲ, ಯಾರ ಬರೀತಾರ? ನಿಮ್ಮ ಮನ್ಯಾಗ ಅಕ್ಕೋರ ಕೈಯಾಗ ಕೊಡ್ರಿ, ಚಟ್ನಿಗೆ ಚಲೋ ಆಕ್ಕಾವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪೊಟ್ಟಣ ನೋಡಿ ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

"ಗದಿಗೆವ್ವಾ, ಅದನ್ನ ಮಾಡಿದಾವ ನಾನ. ಫೋಟೊ ತಗದಾವನೂ ನಾನ, ಕತ್ತರಿಸಿ ಬಿಟ್ಟಾವನೂ ನಾನ."

ಆಕೆ ನನ್ನನ್ನೇ ನೋಡಿದಳು. 

"ಯಾಕ ಮಾಡಿದ್ರಿ?"

ಎಲ್ಲದರ ಬಗ್ಗೆಯೂ ಅಭಿಪ್ರಾಯವಿರುವ ನನ್ನ ಬಾಯಿಂದ ಮೊದಲು ಬಂದದ್ದು ಎರಡೇ ಶಬ್ದ. "ನಗು ಬಂತು," ಎಂದೆ. "ಘಾಟು ಹತ್ತಿ ಮುಖ ಹಂಗಾಗೈತಿ ಅಂತ..."

"ಘಾಟು?" ಗದಿಗೆವ್ವನ ದನಿ ಏರಲಿಲ್ಲ. "ಮೂವತ್ತು ವರ್ಷ ಆ ರಾಶಿ ಬಾಜೂಕ ಕುಂತಾಕಿಗೆ ಘಾಟು ಹತ್ತತೈತೇನ್ರಿ? ಘಾಟು ನಿಮ್ಮಂಥಾ ಹೊಸಬರಿಗೆ ಹತ್ತೋದು. ಅವತ್ತು ಹುಬ್ಬಳ್ಳಿ ದವಾಖಾನಿಯಿಂದ ಫೋನ್ ಬಂದಿತ್ತು. ಅಕ್ಕ ಉಳಿಯಂಗಿಲ್ಲ, ಕ್ಯಾನ್ಸರ್ ಗಡ್ಡಿ ಎಲ್ಲಾ ಕಡೆ ಹಬ್ಬೈತಿ ಅಂತ."

ಗದಿಗೆವ್ವ ಪೊಟ್ಟಣದಿಂದ ಹೊರಬಿದ್ದಿದ್ದ ಒಂದು ಕಾಯಿಯನ್ನು ಒಳಗೆ ತಳ್ಳಿದಳು.

"ನಮ್ಮ ಹೆಂಗಸ್ರು ಅಳೋದಿದ್ರ ಅಲ್ಲೇ ಅಳ್ತೀವ್ರಿ, ರಾಶಿ ಬಾಜೂಕ. ಮನ್ಯಾಗ ಅತ್ರ ಗಂಡ ಕೇಳ್ತಾನ, ಅತ್ತಿ ಕೇಳ್ತಾಳ, ಮಕ್ಕಳು ಹೆದರ್ತಾವ. ಅಲ್ಲಿ ಬಂದ ದಲಾಲ್ರು, ಹಮಾಲ್ರು, ಎಲ್ಲಾರ ಕಣ್ಣಾಗೂ ನೀರು. ಯಾರೂ ಯಾರನ್ನೂ ಯಾಕ ಅಂತ ಕೇಳಂಗಿಲ್ಲ. ಅತ್ತು ಮುಗಿಸಿ, ನಳದಾಗ ಮುಖ ತೊಳಕೊಂಡು ಮನೀಗೆ ಹೋಕ್ಕೀವಿ. ನಮಗ ಅಂತ ಇದ್ದದ್ದು ಅದೊಂದ ಜಾಗಾ ಇತ್ತು. ಈಗ ಅಲ್ಲಿ ನಾ ಬರೇ ಮೂಗು ಒರಸಿದ್ರೂ ಎಲ್ಲಾರೂ ತಿರುಗಿ ನನ್ನ ಮುಖಾನ ನೋಡ್ತಾರ. ಇನ್ನ ನಾ ಎಲ್ಲಿ ಹೋಗಿ ಅಳಲ್ರಿ?"

ಖಾಸಗಿತನದ ಹಕ್ಕಿನ ಬಗ್ಗೆ ನಾನು ಆರು ಅಂಕಣ ಬರೆದಿದ್ದೇನೆ. ಆರರಲ್ಲೂ ಅದು ಫೋನಿನೊಳಗಿನ ವಸ್ತು ಎಂದೇ ಬರೆದಿದ್ದೆ.

ಆಕೆಯ ಕೆಳದುಟಿ ನಡುಗುತ್ತಿತ್ತು. ಬಾಯಿ ಒಂದು ಕಡೆಗೆ ವಾಲಿತು. ಕೂಡಲೇ ಸೆರಗು ಎಳೆದು ಬಾಯಿಗೆ ಒತ್ತಿಕೊಂಡು, ರಸ್ತೆಯ ಕಡೆ ನೋಡಿದಳು. ಕಟ್ಟೆಯ ಮೇಲೆ ಇಬ್ಬರು ಮೊಬೈಲ್ ಹಿಡಿದು ಕೂತಿದ್ದರು.

ನಾನು ಎದ್ದೆ. ಕಂಪ್ಯೂಟರ್ ಬಂದ್ ಮಾಡಿದೆ. ನನ್ನ ಫೋನನ್ನೂ ಬಂದ್ ಮಾಡಿ, ಆಕೆ ನೋಡುವಂತೆ ಜೇಬಿಗೆ ಹಾಕಿಕೊಂಡೆ.

"ಇಲ್ಲೇ ಅಳವ್ವಾ," ಎಂದೆ. "ಎಷ್ಟು ಹೊತ್ತಾದ್ರೂ ಆಗ್ಲಿ. ಯಾರೂ ಒಳಗ ಬರಂಗಿಲ್ಲ, ನಾನೂ ಬರಂಗಿಲ್ಲ."

ಹೊರಗೆ ಬಂದು ಶಟರ್ ಪೂರ್ತಿ ಎಳೆದು, ಅದಕ್ಕೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತೆ. ಕಟ್ಟೆಯ ಮೇಲಿದ್ದ ಇಬ್ಬರನ್ನೂ, ಬ್ಯಾರೆ ಕಡೆ ಹೋಗಿ ಕುಂದ್ರಿ ಅಂತ ಗದರಿಸಿ ಎಬ್ಬಿಸಿದೆ.  ಫಕ್ಕೀರಪ್ಪ ಎಂಬ ರೈತರು ಬೆಳೆ ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದರು.

"ಯಾಕ್ರೀ, ಹಗಲ ಹೊತ್ತಿನ್ಯಾಗ ಅಂಗಡಿ ಬಾಗಿಲ ಹಾಕೀರಿ?"

"ಸರ್ವರ್ ಡೌನ್ ಆಗೇತ್ರಿ ಯಜಮಾನ್ರ."

ಅಷ್ಟರಲ್ಲಿ ಒಳಗಿನಿಂದ ಮೊದಲ ದನಿ ಬಂತು, 'ಯಕ್ಕಾ' ಎಂದು. ಆಮೇಲೆ ಅದು ನಿಲ್ಲಲಿಲ್ಲ. ನನ್ನನ್ನ ಎತ್ತಿ ಆಡಿಸಿದಾಕಿ, ನಿನ್ನ ಪಾಲಿನ ರೊಟ್ಟಿ ನನಗ ಮುರದು ಕೊಟ್ಟಾಕಿ ಎಂದು ಒಂದೊಂದೇ ಎಣಿಸುತ್ತ ಗದಿಗೆವ್ವ ಹಾಡ್ಯಾಡಿ ಅಳತೊಡಗಿದಳು. ಶಟರಿನ ತಗಡು ನನ್ನ ಬೆನ್ನಿಗೆ ಸಣ್ಣಗೆ ಅದುರುತ್ತಿತ್ತು.

ಫಕ್ಕೀರಪ್ಪನವರು ಶಟರ್ ನೋಡಿದರು, ನನ್ನನ್ನು ನೋಡಿದರು. ತಲೆಯ ಮೇಲಿನ ಟವೆಲ್ ತೆಗೆದು ಮೆಟ್ಟಿಲು ಝಾಡಿಸಿ, ರಸ್ತೆಗೆ ಮುಖ ಮಾಡಿ ನನ್ನ ಪಕ್ಕದಲ್ಲೇ ಕೂತರು. ಮುಂದೆ ಬಂದವರಿಗೆಲ್ಲ ಅವರೇ ಕೈ ಅಡ್ಡ ಹಿಡಿದು, ಸರ್ವರ್ ಡೌನ್ ಐತಿ, ನಾಳೆ ಬರ್ರಿ ಎಂದು ಕಳುಹಿಸಿದರು.