ಕಿಟ್ವೆಯ ಮೇಡಂ

ಪುಣೆಯ ಶಾಲೆಯ ಮುಖ್ಯಾಧ್ಯಾಪಕಿ ಪೂರ್ವಾ ಮೇಡಂ ರೇಣುವಿನ ಪದವಿಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಜಾಂಬಿಯಾ ಅಂದರೆ ಆಫ್ರಿಕಾದಲ್ಲಿ ಎಲ್ಲಿ ಬರುತ್ತದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ದಕ್ಷಿಣಕ್ಕೆ. ಕಾಂಗೋದ ಕೆಳಗೆ."

"ಲಂಡನ್ನೋ ಆಸ್ಟ್ರೇಲಿಯಾನೋ ಆಗಿದ್ದರೆ ಪಾಲಕರಿಗೆ ಹೇಳುವುದಕ್ಕೆ ನಮಗೂ ಸುಲಭವಾಗುತ್ತಿತ್ತು," ಎಂದರು ಪೂರ್ವಾ ಮೇಡಂ. ಮಾತಿನಲ್ಲಿ ಕುಹಕವಿರಲಿಲ್ಲ; ನಿಜವಾಗಿಯೂ ಅವರಿಗೆ ಹಾಗೇ ಅನ್ನಿಸಿತ್ತು. "ನಿಮ್ಮ ಪದವಿ ಇಲ್ಲಿಯ ಬಿ.ಎಡ್.ಗೆ ಸಮ ಅಂತ ದಿಲ್ಲಿಯಿಂದ ಪ್ರಮಾಣಪತ್ರ ಬರಬೇಕು. ಅಲ್ಲಿಯವರೆಗೆ ಪ್ರಾಕ್ಸಿ ಟೀಚರ್ ಆಗಿ ಇರುತ್ತೀರಾ? ಯಾರು ರಜೆ ಹಾಕುತ್ತಾರೋ ಅವರ ಪಿರಿಯಡ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳಬೇಕು, ಅಷ್ಟೆ."

ರೇಣು ಒಪ್ಪಿಕೊಂಡಳು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ಇದು ವಾಸಿ ಎಂದುಕೊಂಡಳು.

ಕಾಗದಗಳ ನಕಲು ಕೊಡಲು ಆಫೀಸಿಗೆ ಹೋದಾಗ ಅಲ್ಲಿ ಕೂತಿದ್ದ ಗುಮಾಸ್ತ ಚನ್ನವೀರ ಅವಳ ತಂದೆಯ ಹೆಸರು ಓದಿ ತಲೆ ಎತ್ತಿದ. "ರಾಮಲಿಂಗಪ್ಪ ಅಂದ್ರ ನೀವು ನಮ್ಮ ಕಡೆಯವ್ರೇನ್ರಿ?"

"ಹೌದ್ರಿ. ಅಪ್ಪಾರು ನವಲಗುಂದ ಕಡೆಯವ್ರು. ನಾ ಹುಟ್ಟಿದ್ದು ಬೆಳದದ್ದು ಎಲ್ಲಾ ಅಲ್ಲೇ, ಕಿಟ್ವೆದಾಗ."

ಚನ್ನವೀರ ನಕ್ಕ. "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ನಿಮ್ಮ ಮಾತು ಥೇಟ್ ನಮ್ಮ ಅಜ್ಜಿ ಮಾತಿನಂಗ ಅದ. ಈಗ ಊರಾಗೂ ಯಾರೂ ಹಿಂಗ ಮಾತಾಡಂಗಿಲ್ರಿ."

ಅದು ನಿಜವೇ ಆಗಿತ್ತು. ರೇಣು ಹುಟ್ಟುವ ಮೊದಲು ಜಾಂಬಿಯಾದ ಶಾಲೆಗಳಿಗೆ ಭಾರತದಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದರು. ರಾಮಲಿಂಗಪ್ಪ ಮಾಸ್ತರರು ಹೆಂಡತಿ ಗೌರಾಬಾಯಿಯನ್ನು ಕರೆದುಕೊಂಡು ಕಿಟ್ವೆ ಎಂಬ ತಾಮ್ರದ ಗಣಿಯ ಊರಿಗೆ ಹೋದವರು ಅಲ್ಲಿಯೇ ನಿಂತುಬಿಟ್ಟರು. ಹೋಗುವಾಗ ತೆಗೆದುಕೊಂಡು ಹೋದ ಕನ್ನಡವೇ ಮನೆಯಲ್ಲಿ ಉಳಿಯಿತು. ಅದಕ್ಕೆ ಹೊಸದೇನೂ ಸೇರಲಿಲ್ಲ. ರೇಣು ಓದಿ ಬಯಾಲಜಿ ಟೀಚರ್ ಆದದ್ದೂ ಅಲ್ಲಿಯೇ. ಅವಳು ಕ್ಲಾಸಿಗೆ ಕಾಲಿಟ್ಟರೆ ಅರವತ್ತು ಹುಡುಗ ಹುಡುಗಿಯರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ತಾಯಿ ತೀರಿಕೊಂಡಳು, ಆಮೇಲೆ ತಂದೆಯೂ. ಇಬ್ಬರನ್ನೂ ಅಲ್ಲಿಯ ಕೆಂಪು ಮಣ್ಣಿನಲ್ಲಿಯೇ ಹೂಳಿದರು.

ಸದಾನಂದ ಅವಳನ್ನು ಕಂಡದ್ದು ಅಲ್ಲಿಯ ಭಾರತೀಯರು ನಡೆಸುತ್ತಿದ್ದ ದೀಪಾವಳಿಯ ಊಟದಲ್ಲಿ. ಪುಣೆಯಲ್ಲಿ ಬೆಳೆದ ಧಾರವಾಡದ ಮನೆತನದವನು. ತಾಮ್ರದ ಕಾರ್ಖಾನೆಯ ಆ್ಯಸಿಡ್ ಪ್ಲಾಂಟಿನಲ್ಲಿ ಕೆಲಸಕ್ಕೆ ಬಂದಿದ್ದ. ಇಬ್ಬರಿಗೂ ಮದುವೆಯ ವಯಸ್ಸು ಮೀರಿತ್ತು. ರಿಜಿಸ್ಟರ್ ಮದುವೆಯಾದರು. ಅವನ ಕರಾರು ಮುಗಿದು ಪುಣೆಯ ಆಚೆಯ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ, "ನಡಿ, ನಮ್ಮ ದೇಶಕ್ಕ ಹೋಗೂಣು," ಎಂದ. ರೇಣು ಹೂಂ ಎಂದಳು. ಆ 'ನಮ್ಮ' ಎಂಬ ಮಾತು ಅವಳ ಕಿವಿಗೆ ಬಿದ್ದರೂ ಆಗ ಏನೂ ಅನ್ನಿಸಲಿಲ್ಲ.

ಪುಣೆಗೆ ಬಂದ ಮೇಲೆ ಅನ್ನಿಸತೊಡಗಿತು. ಕುರಕುಂಭ ದಿನಾ ಹೋಗಿ ಬರುವಷ್ಟು ಹತ್ತಿರವಲ್ಲ. ಸದಾನಂದ ವಾರವೆಲ್ಲ ಅಲ್ಲಿಯೇ ರೂಮಿನಲ್ಲಿದ್ದು ಶನಿವಾರ ಬರುತ್ತಿದ್ದ. ಮಾರ್ಕೆಟ್ ಯಾರ್ಡಿನ ಹಿಂದಿನ ಫ್ಲ್ಯಾಟಿನಲ್ಲಿ ರೇಣು ಒಬ್ಬಳೇ. ಬೆಳಗಾಗುವ ಮೊದಲೇ ಉಳ್ಳಾಗಡ್ಡಿಯ ಲಾರಿಗಳು ಹಾರ್ನ್ ಹೊಡೆಯುತ್ತ ಬರುತ್ತಿದ್ದವು. ಅವು ಬಂದರೆ ಅವಳಿಗೆ ಸ್ವಲ್ಪ ಸಮಾಧಾನವೇ. ಹೊರಗೆ ಯಾರೋ ಎದ್ದಿದ್ದಾರೆ ಎಂದು.

ಕೊತ್ತಂಬರಿ ಕೊಳ್ಳಲು ಹೋದರೆ ಮಾರುವವಳು ಮರಾಠಿಯಲ್ಲಿ ಏನೋ ಕೇಳುತ್ತಿದ್ದಳು. ರೇಣು ಇಂಗ್ಲಿಷ್ ಬೆರೆಸಿದ ಮುರುಕು ಹಿಂದಿಯಲ್ಲಿ ಉತ್ತರಿಸಿದರೆ, "ಮರಾಠಿ ಯೇತ್ ನಾಹೀ ಕಾ?", ಮರಾಠಿ ಬರುವುದಿಲ್ಲವೇ, ಎಂದು ಮೇಲಿಂದ ಕೆಳಗೆ ನೋಡುತ್ತಿದ್ದಳು. ಕುಂಕುಮ, ಜಡೆ, ಚೂಡಿದಾರ ಎಲ್ಲ ಸರಿಯಾಗಿದೆ, ಮಾತು ಮಾತ್ರ ಯಾಕೆ ಹೀಗೆ ಎನ್ನುವ ನೋಟ. ಬೇರೆ ಬಣ್ಣದವಳಾಗಿದ್ದರೆ ಪರದೇಶದವಳು ಎಂದು ತಿಳಿದು ಕೈಸನ್ನೆ ಮಾಡಿಯಾದರೂ ಹೇಳುತ್ತಿದ್ದರು. ತನ್ನ ಮುಖ ನೋಡಿದರೆ ಯಾರಿಗೂ ತಾನು ಪರದೇಶಿ ಎಂದು ಗೊತ್ತಾಗುವುದಿಲ್ಲವಲ್ಲ ಎಂದು ಅವಳಿಗೆ ವಿಚಿತ್ರವಾಗುತ್ತಿತ್ತು.

"ರೂಢಿ ಆಗ್ತದ ಬಿಡು," ಎಂದು ಸದಾನಂದ ಫೋನಿನಲ್ಲಿ ಹೇಳುತ್ತಿದ್ದ. "ನಾ ಅಲ್ಲಿ ಬಂದಾಗ ನನಗೂ ಹಂಗs ಆಗಿತ್ತು."

"ನೀವು ತಿರುಗಿ ಬರಾವ್ರು ಅಂತ ಗೊತ್ತಿತ್ತಲ್ರೀ," ಎಂದಳು ಒಮ್ಮೆ. ಆಮೇಲೆ ಅವಳೇ ಮಾತು ತಿರುಗಿಸಿ ಊಟದ ವಿಷಯ ಕೇಳಿದಳು.

ಶಾಲೆಯಲ್ಲಿ ಮಕ್ಕಳು ಅವಳನ್ನು 'ಪ್ರಾಕ್ಸಿ ಮಿಸ್' ಎನ್ನುತ್ತಿದ್ದರು. ಹೆಸರು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ಪ್ರಾಕ್ಸಿ ಪಿರಿಯಡ್ ಎಂದರೆ ಗದ್ದಲ ಮಾಡುವ ಪಿರಿಯಡ್. ಅವಳ ನಿಧಾನದ, ಎಳೆದು ಹೇಳುವ ಇಂಗ್ಲಿಷನ್ನು ಹಿಂದಿನ ಬೆಂಚಿನವರು ಅಣಕಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಉಳಿದವರು ಮರಾಠಿಯಲ್ಲಿ ಮಾತಾಡಿ ನಗುತ್ತಿದ್ದರು; ಅವಳು ಡಬ್ಬಿ ತೆರೆದು, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದಳು.

ದೀಪಾವಳಿಯ ರಜೆ ಮುಗಿದ ಮೇಲೆ ಒಂಬತ್ತನೇ ತರಗತಿಯ ವಿಜ್ಞಾನದ ಟೀಚರ್ ಹೆರಿಗೆ ರಜೆಗೆ ಹೋದರು. ಬದಲಿಗೆ ಯಾರೂ ಸಿಗಲಿಲ್ಲ. "ಸದ್ಯಕ್ಕೆ ನೀವೇ ಪಾಠ ಮಾಡಿ," ಎಂದರು ಪೂರ್ವಾ ಮೇಡಂ.

ರೇಣು ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು; ಸೀಟು ಖಾಲಿಯಾದದ್ದೂ ಗಮನಕ್ಕೆ ಬರಲಿಲ್ಲ. ಮರುದಿನ ಒಂದು ಚೀಲ ಆಲೂಗಡ್ಡೆ ತೆಗೆದುಕೊಂಡು ಕ್ಲಾಸಿಗೆ ಹೋದಳು. ಒಂದೊಂದರ ನಡುವೆ ಗುಳಿ ತೋಡಿ, ಒಳಗೆ ಸಕ್ಕರೆ ಹಾಕಿ, ತಟ್ಟೆಯ ನೀರಿನಲ್ಲಿ ಕೂರಿಸಲು ಹೇಳಿದಳು. ಪಿರಿಯಡ್ ಮುಗಿಯುವ ಹೊತ್ತಿಗೆ ಗುಳಿಯೊಳಗೆ ನೀರು ಒಸರತೊಡಗಿತ್ತು. "ಮೇಲಿಂದ ಯಾರೂ ನೀರು ಹಾಕಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?" ಎಂದು ಕೇಳಿ ಸುಮ್ಮನೆ ನಿಂತಳು. ಉತ್ತರ ತಾನೇ ಹೇಳಲಿಲ್ಲ. ಆ ಮೌನ ಮಕ್ಕಳಿಗೆ ಹೊಸದು. ಮೊದಲು ನಕ್ಕರು, ಆಮೇಲೆ ಯೋಚಿಸಿದರು. ಮಿಥುನ ಎಂಬ ಹುಡುಗ ಕೈ ಎತ್ತಿ, "ಆಲೂಗಡ್ಡೆ ತಾನೇ ಕುಡಿದು ಒಳಗೆ ಕೊಟ್ಟಿತಾ ಮಿಸ್?" ಎಂದ. ಪ್ರಾಕ್ಸಿ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.

ಆ ಸಂತೋಷ ಹೊಸ ವರ್ಷದವರೆಗೂ ಉಳಿಯಲಿಲ್ಲ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಒಂಬತ್ತನೆಯವರಿಗೆ ಆಫ್ರಿಕಾದ ಡಿಗ್ರಿಯವರು ಪಾಠ ಮಾಡುತ್ತಿದ್ದಾರಂತೆ, ಮುಂದಿನ ವರ್ಷ ಬೋರ್ಡ್ ಪರೀಕ್ಷೆ ಇದೆ, ಎಂದು ಬರೆದರು. ನಾಲ್ಕು ಜನ ಶಾಲೆಗೇ ಬಂದರು. ಪೂರ್ವಾ ಮೇಡಂ ರೇಣುವನ್ನು ಕರೆದು ಕೂರಿಸಿ ಚಹಾ ತರಿಸಿದರು. "ನಿಮ್ಮ ಪಾಠ ಚೆನ್ನಾಗಿದೆ ಅಂತ ನನಗೆ ಗೊತ್ತು. ಆದರೆ ಕೈಯಲ್ಲಿ ಆ ಪ್ರಮಾಣಪತ್ರ ಇಲ್ಲದೆ ನಾನು ಏನಂತ ವಾದಿಸಲಿ?"

ಮರುದಿನದಿಂದ ರೇಣುವಿಗೆ ಕಿರಿಯ ವಿಭಾಗದ ಊಟದ ಹಾಲ್ ನೋಡಿಕೊಳ್ಳುವ ಕೆಲಸ ಬಿತ್ತು. ಡಬ್ಬಿಯ ಮುಚ್ಚಳ ತೆರೆಯುವುದು, ಚೆಲ್ಲಿದ ಬೇಳೆಯ ವರಣ ಒರೆಸುವುದು, ಕೈ ತೊಳೆಯಲು ಸಾಲು ನಿಲ್ಲಿಸುವುದು. ಸದಾನಂದನಿಗೆ ಅವಳು ಹೇಳಲಿಲ್ಲ. ಹೇಳಿದರೆ, ಬಿಟ್ಟುಬಿಡು ಎನ್ನುತ್ತಿದ್ದ.

ಫೆಬ್ರವರಿಯ ಒಂದು ಮಧ್ಯಾಹ್ನ ರೇಣು ದಿಲ್ಲಿಗೆ ಕಳಿಸುವ ಕಾಗದಕ್ಕೆ ನೋಟರಿ ಸಹಿ ಮಾಡಿಸಿಕೊಂಡು ಶಿವಾಜಿನಗರದ ಕೋರ್ಟಿನ ಮುಂದೆ ರಸ್ತೆ ದಾಟಲು ನಿಂತಿದ್ದಾಗ, ಹಿಂದಿನಿಂದ ಯಾರೋ, "ಮೇಡಂ! ಮೇಡಂ ರೇಣು!" ಎಂದು ಕೂಗಿದರು. ತಿರುಗಿದಳು. ಎತ್ತರದ ಕಪ್ಪು ಹುಡುಗಿ, ಬೆನ್ನಿಗೆ ಕಾಲೇಜಿನ ಚೀಲ. ಹತ್ತಿರ ಬಂದವಳೇ ಮೊಣಕಾಲು ಬಾಗಿಸಿ, ಎರಡೂ ಅಂಗೈಗಳನ್ನು ಮೆಲ್ಲಗೆ ತಟ್ಟಿ, "ಮ್ವಾಪೊಲೇನಿ ಮುಕ್ವಾಯಿ," ಎಂದಳು. ಕಿಟ್ವೆಯಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರ ಅದು. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

ಮುತಾಲೆ. ಕಿಟ್ವೆಯಲ್ಲಿ ಅವಳ ಹತ್ತನೇ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದವಳು. ಈಗ ಪುಣೆಯಲ್ಲಿ ಫಾರ್ಮಸಿಯ ಕೊನೆಯ ವರ್ಷದಲ್ಲಿದ್ದಾಳೆ. ಎಷ್ಟೋ ತಿಂಗಳ ಮೇಲೆ ಒಬ್ಬರು ರೇಣುವನ್ನು ಹೆಸರು ಹಿಡಿದು, ಮೇಡಂ ಎಂದು ಕರೆದಿದ್ದರು.

ಮುತಾಲೆ ಅವರೂರಿನ ಬೆಂಬಾ ಭಾಷೆಯಲ್ಲಿ ಕೇಳಿದಳು: "ಇಲ್ಲಿ ಯಾವ ಕ್ಲಾಸಿಗೆ ಪಾಠ ಮಾಡುತ್ತೀರಿ ಮೇಡಂ?"

"ಒಂಬತ್ತನೆಯದಕ್ಕೆ. ಬಯಾಲಜಿ," ಎಂದಳು ರೇಣು. ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ.

ಆ ಭಾನುವಾರ ಮುತಾಲೆ ಮನೆಗೆ ಬಂದಳು. ಸದಾನಂದನಿಗೆ ಆ ವಾರ ರಜೆ ಸಿಕ್ಕಿರಲಿಲ್ಲ. ಎದುರು ಮನೆಯ, ಕನ್ನಡ ಬಲ್ಲ ರಂಗೂಬಾಯಿ ಬಾಗಿಲು ಅರ್ಧ ತೆರೆದು, "ಯಾರ್ರೀ ರೇಣು, ಆಕಿ? ರೂಮು ಬಾಡಿಗಿ ಕೊಟ್ಟೀರೇನು?" ಎಂದು ಕೇಳಿದಳು.

"ಇಲ್ರಿ ಕಾಕು, ನಮ್ಮೂರ ಹುಡುಗಿ," ಎಂದಳು ರೇಣು. ರಂಗೂಬಾಯಿ ಇಬ್ಬರ ಮುಖವನ್ನೂ ನೋಡಿ ಏನೂ ತಿಳಿಯದೆ ಬಾಗಿಲು ಮುಚ್ಚಿಕೊಂಡಳು.

ಇಬ್ಬರೂ ಸೇರಿ ಶೀಮಾ ಮಾಡಲು ಕೂತರು. ಅದು ಅಲ್ಲಿಯ ಬಿಳಿ ಮೆಕ್ಕೆಜೋಳದ ಮುದ್ದೆ. ಇಲ್ಲಿ ಸಿಕ್ಕದ್ದು ಹಳದಿ ಹಿಟ್ಟು. ಎಷ್ಟು ತಿರುವಿದರೂ ಗಟ್ಟಿಯಾಗದೆ ಅಂಬಲಿಯ ಹಾಗಾಯಿತು. "ಇದು ಶೀಮಾ ಅಲ್ಲ ಮೇಡಂ," ಎಂದು ಮುತಾಲೆ ಬೆರಳು ನೆಕ್ಕಿ ಹೇಳಿದಳು. "ಇದಕ್ಕೆ ಬೇರೆ ಏನಾದರೂ ಹೆಸರಿಡೋಣ." ರೇಣು ನಕ್ಕಳು. ಸ್ಟಾಫ್ ರೂಮಿನಲ್ಲಿ ನಗುವ ನಗು ಅಲ್ಲ ಅದು.

ಒಂದು ತಿಂಗಳು ಭಾನುವಾರಗಳು ಹೀಗೆ ಹೋದವು. ಪ್ರತಿಸಲ ಮುತಾಲೆ ಒಂಬತ್ತನೇ ತರಗತಿಯ ಮಕ್ಕಳ ಸುದ್ದಿ ಕೇಳುತ್ತಿದ್ದಳು. ರೇಣು ಮಿಥುನನ ಬಗ್ಗೆ ಹೇಳುತ್ತಿದ್ದಳು, ಅವನು ಕೇಳದ ಪ್ರಶ್ನೆಗಳನ್ನೂ ಸೇರಿಸಿ.

ಪರೀಕ್ಷೆಗೆ ಮೊದಲು ಪುಣೆಯಲ್ಲಿ ಓದುವ ಜಾಂಬಿಯಾದ ಹುಡುಗ ಹುಡುಗಿಯರೆಲ್ಲ ಕೊಂಢ್ವಾದ ಒಂದು ರೂಮಿನಲ್ಲಿ ಸೇರುವವರಿದ್ದರು. ಅದಕ್ಕೆ ಕರೆಯಲು ಮುತಾಲೆ ಒಂದು ದಿನ ಹೇಳದೆ ಕೇಳದೆ ಶಾಲೆಗೇ ಬಂದಳು. ಚನ್ನವೀರ ಅವಳನ್ನು ಊಟದ ಹಾಲಿನ ಬಾಗಿಲವರೆಗೆ ಕರೆತಂದು ಬಿಟ್ಟು ಹೋದ. ರೇಣು ಆಗ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಚೆಲ್ಲಿದ ಮಜ್ಜಿಗೆ ಒರೆಸುತ್ತಿದ್ದಳು. ತಲೆ ಎತ್ತಿದಾಗ ಮುತಾಲೆ ನಿಂತಿದ್ದಳು.

ರೇಣು ಎದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಮುತಾಲೆ ಆ ಬಟ್ಟೆಯನ್ನೊಮ್ಮೆ ನೋಡಿ, ಅಷ್ಟೂ ಮಕ್ಕಳ ಎದುರಿಗೆ ಮೊಣಕಾಲು ಬಾಗಿಸಿ ಅಂಗೈ ತಟ್ಟಿ ನಮಸ್ಕಾರ ಹೇಳಿದಳು. ಒಂದು ಪುಟ್ಟ ಹುಡುಗಿ ಅದನ್ನು ಆಟವೆಂದು ತಿಳಿದು ತಾನೂ ಚಪ್ಪಾಳೆ ತಟ್ಟಿದಳು.

ಹೊರಗೆ ನಲ್ಲಿಯ ಕಟ್ಟೆಯ ಹತ್ತಿರ ಬಂದ ಮೇಲೆ ರೇಣು, "ನಿನಗೆ ಸುಳ್ಳು ಹೇಳಿದೆ," ಎಂದಳು. "ಸ್ವಲ್ಪ ದಿನ ಪಾಠ ಮಾಡಿದ್ದು ನಿಜ. ಆಮೇಲೆ ಬೇಡ ಅಂದರು. ನನ್ನನ್ನು ಟೀಚರ್ ಅಂತ ಕಂಡವಳು ಈ ಊರಲ್ಲಿ ನೀನೊಬ್ಬಳೇ. ನಿನ್ನ ಎದುರಿಗೂ ಅದು ಹೋಗಿಬಿಟ್ಟರೆ ಅಂತ ಹೆದರಿದೆ."

ಮುತಾಲೆ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದಳು. "ನಾನು ಅಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ ಮೇಡಂ. ಕ್ಲಾಸಿನಲ್ಲಿ ನನಗೆ ಬಹಳ ಗೆಳತಿಯರಿದ್ದಾರೆ ಅಂತ ಹೇಳುತ್ತೇನೆ. ಅವರ ಹೆಸರೂ ಹೇಳುತ್ತೇನೆ. ನನ್ನ ಪಕ್ಕದ ಸೀಟಿನಲ್ಲಿ ಮೂರು ವರ್ಷದಿಂದ ಯಾರೂ ಕೂತಿಲ್ಲ."

ರೇಣು ಅವಳ ತೋಳು ಹಿಡಿದುಕೊಂಡಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳನ್ನು ಸಾಲಾಗಿ ಕ್ಲಾಸಿಗೆ ಬಿಡಬೇಕಿತ್ತು. ಒಳಗೆ ಹೋದಳು.

ಕೊಂಢ್ವಾದ ಆ ರೂಮಿಗೂ ಅವಳು ಹೋದಳು. ಒಳಗೆ ಕಾಲಿಟ್ಟಾಗ ಹುಡುಗರು ಹಾಡು ನಿಲ್ಲಿಸಿದರು. ಗದ್ದಲ ಮಾಡಬೇಡಿ ಎಂದು ಹೇಳಲು ಮನೆಯ ಮಾಲಕಿ ಬಂದಿದ್ದಾಳೆ ಎಂದುಕೊಂಡಿದ್ದರು. ರೇಣು ಬೆಂಬಾ ಭಾಷೆಯಲ್ಲಿ ಮಾತಾಡಿದಾಗ ಎಲ್ಲರೂ ಹೋ ಎಂದು ಕೂಗಿ ಕುರ್ಚಿ ಕೊಟ್ಟರು. ಆಮೇಲೆ ಅವರು ತಮ್ಮ ವಯಸ್ಸಿನ ಮಾತುಗಳಿಗೆ ಮರಳಿದರು. ಕಿಟ್ವೆಯಲ್ಲಿ ಹೊಸ ಮಾಲ್ ಬಂದಿದೆಯಂತೆ, ಅವಳಿದ್ದ ಬೀದಿಯ ಹೆಸರು ಬದಲಾಗಿದೆಯಂತೆ. ಅವಳು ಕೇಳುತ್ತ ಕೂತಳು. ಅಪ್ಪ ಹಳೆಯ ನವಲಗುಂದವನ್ನು ಹಿಡಿದಿಟ್ಟುಕೊಂಡ ಹಾಗೆ ತಾನೂ ಒಂದು ಹಳೆಯ ಕಿಟ್ವೆಯನ್ನು ಹಿಡಿದುಕೊಂಡು ಕೂತಿದ್ದೇನೆ ಎಂದು ಅನ್ನಿಸಿ ಬೇಗನೆ ಎದ್ದು ಬಂದಳು. ಆ ಶನಿವಾರ ಸದಾನಂದನಿಗೆ ಊಟದ ಹಾಲಿನ ವಿಷಯ ಹೇಳಿದಳು. ಅವನು, ಬಿಟ್ಟುಬಿಡು ಎನ್ನಲಿಲ್ಲ. ತಟ್ಟೆ ನೋಡುತ್ತ, "ನನಗ ಮೊದಲs ಹೇಳಬೇಕಾಗಿತ್ತು ನೀ," ಎಂದಷ್ಟೇ ಹೇಳಿದ. ಅವಳಿಗೆ ಅಳು ಬಂತು.

ಪರೀಕ್ಷೆ ಮುಗಿಸಿ ಮುತಾಲೆ ಮೇ ತಿಂಗಳಲ್ಲಿ ಊರಿಗೆ ಹೋದಳು. ಬೀಳ್ಕೊಡುವಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅಪ್ಪ ಅಮ್ಮನ ಸಮಾಧಿಯ ಸುತ್ತ ಹುಲ್ಲು ಬೆಳೆದಿದ್ದರೆ ತೆಗೆಸು ಎಂದು ರೇಣು ಹೇಳಿದಳು. ಮುತಾಲೆ ತಾನೇ ಹೋಗಿ ತೆಗೆದು ಫೋಟೋ ಕಳಿಸಿದಳು.

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ದಿಲ್ಲಿಯ ಪ್ರಮಾಣಪತ್ರ ಬಂತು. ಒಂಬತ್ತನೆಯದಕ್ಕೆ ಹಳೆಯ ಟೀಚರ್ ವಾಪಸಾಗಿದ್ದರು. ಪೂರ್ವಾ ಮೇಡಂ ಆರನೇ ತರಗತಿಯ ವಿಜ್ಞಾನ ಕೊಟ್ಟರು. "ಮುಂದೆ ನೋಡೋಣ," ಎಂದರು. ಚನ್ನವೀರ ಹಾಜರಿ ಪುಸ್ತಕ ಕೊಡುತ್ತ, "ಭಾಳ ಛಲೋ ಆತ್ರಿ ಮೇಡಂ. ಪೇಢೆ ಯಾವಾಗ ತರ್ತೀರಿ?" ಎಂದು ಕೇಳಿದ.

"ನಾಳೆ ತರ್ತೀನ್ರಿ," ಎಂದಳು.

ಮೊದಲ ಪಿರಿಯಡ್‌ನಲ್ಲಿ ಬೋರ್ಡಿನ ಮೇಲೆ ತನ್ನ ಹೆಸರು ಪೂರ್ತಿಯಾಗಿ ಬರೆದಳು. ಮಕ್ಕಳು ಓದಿದರು. ಪಾಠ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪಕ್ಕದ ಟೀಚರ್ ಅವಳ ಡಬ್ಬಿಯಿಂದ ಒಂದು ತುಂಡು ರೊಟ್ಟಿ ಮುರಿದುಕೊಂಡು, ಮತ್ತೆ ಆಚೆಯವರ ಕಡೆ ತಿರುಗಿ ಮರಾಠಿಯಲ್ಲಿ ಮಾತು ಮುಂದುವರಿಸಿದಳು.

ಸಂಜೆ ಮನೆಗೆ ಬಂದು ಸದಾನಂದನಿಗೆ ಫೋನ್ ಮಾಡಿದಳು, ಶಿಫ್ಟಿನಲ್ಲಿದ್ದ, ಎತ್ತಲಿಲ್ಲ. ಮುತಾಲೆಗೆ ಮಾಡಿದಳು, ಅಲ್ಲಿ ಇನ್ನೂ ಕೆಲಸದ ಹೊತ್ತು, ರಿಂಗಾಗಿ ನಿಂತಿತು. ಚಹಾಕ್ಕೆ ನೀರಿಟ್ಟು ಗ್ಯಾಲರಿಗೆ ಬಂದಳು. ಎದುರು ಗ್ಯಾಲರಿಯಲ್ಲಿ ರಂಗೂಬಾಯಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಕಾಕು," ಎಂದು ಕರೆದಳು ರೇಣು. "ನನಗ ಇವತ್ತಿಂದ ಆರನೇ ಕ್ಲಾಸ್ ಕೊಟ್ಟಾರ್ರಿ."

"ಆರನೇದs?" ಎಂದಳು ರಂಗೂಬಾಯಿ ಮರ್ಯಾದೆಗೆ. "ಮೊದಲ ಯಾವುದಿತ್ತು?"

ಹೇಳಬೇಕೆಂದರೆ ರೇಣು ಕಿಟ್ವೆಯ ಅರವತ್ತು ಮಕ್ಕಳ ಕ್ಲಾಸಿನಿಂದ ಶುರು ಮಾಡಬೇಕಾಗಿತ್ತು. "ಮೊದಲ ಇರಲಿಲ್ರಿ," ಎಂದಳು. ರಂಗೂಬಾಯಿ ತಲೆಯಾಡಿಸಿ ಬಟ್ಟೆ ಹೊತ್ತುಕೊಂಡು ಒಳಗೆ ಹೋದಳು. ರೇಣು ಒಲೆ ಆರಿಸಿ, ಚಹಾ ಸೋಸಿಕೊಂಡು, ನಾಳೆಯ ಪಾಠದ ಪುಸ್ತಕ ತೆರೆದು ಕೂತಳು.